ಹುಸಿಮದ್ದು (ಪ್ಲಸೀಬೊ)

ರೋಗದ ಮೂಲಕ್ಕೆ ತಾಗುವ ಔಷಧಾಂಶ ಇಲ್ಲದಿದ್ದರೂ ಔಷಧದ ರೂಪದಲ್ಲೇ ಕೊಡುವ ಮಾತ್ರೆ, ಸೂಜಿ ಅಥವಾ ಚಿಕಿತ್ಸೆ. ಸಕ್ಕರೆ ಗುಳಿಗೆ, ಬರೀ ಉಪ್ಪುನೀರಿನ ಇಂಜೆಕ್ಷನ್ ಇದರ ಸಾಮಾನ್ಯ ರೂಪಗಳು. ನೋವು, ಸುಸ್ತು, ಓಕರಿಕೆಯಂಥ ರೋಗಿಗೇ ಗೊತ್ತಾಗುವ ಬಾಧೆಗಳು ಇದರಿಂದ ಎಷ್ಟೋ ಸಲ ಕಡಿಮೆಯಾಗುತ್ತವೆ. ರಕ್ತಸ್ರಾವ ನಿಲ್ಲುವುದಿಲ್ಲ, ವಿಷ ಇಳಿಯುವುದಿಲ್ಲ.

ಇದನ್ನು ಒರೆಗೆ ಹಚ್ಚಿದ ಮೊದಲಿಗರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಹೇಗಾರ್ಥ್ ಒಬ್ಬ. ಆಗ ನೋವು ತೆಗೆಯುತ್ತವೆಂದು ಹೆಸರಾಗಿದ್ದ ಪರ್ಕಿನ್ಸ್‌ನ ಲೋಹದ ಕಡ್ಡಿಗಳನ್ನೇ ಹೋಲುವ ಮರದ ಕಡ್ಡಿಗಳನ್ನು 1799ರಲ್ಲಿ ಐವರು ರೋಗಿಗಳ ಮೈಮೇಲೆ ಆಡಿಸಿದ, ನಾಲ್ವರು ಹಗುರಾಯಿತೆಂದರು. ಅಮೆರಿಕದ ಹೆನ್ರಿ ಬೀಚರ್ 1955ರಲ್ಲಿ, ಸುಮಾರು ಶೇ. 35 ರೋಗಿಗಳಿಗೆ ಹುಸಿಮದ್ದಿನಿಂದ ತೃಪ್ತಿಕರ ಉಪಶಮನ ಸಿಗುತ್ತದೆಂದು ಬರೆದ. ತಾನಾಗಿಯೇ ವಾಸಿಯಾಗುವ ಕಾಯಿಲೆಗಳನ್ನೂ ಆ ಲೆಕ್ಕದಲ್ಲಿ ಸೇರಿಸಿದ್ದನೆಂಬ ಆಕ್ಷೇಪ ಸರಿಯಾದದ್ದೇ. ಹಾಗೆಂದು ಎಲ್ಲವೂ ಬರೀ ಭ್ರಮೆಯಲ್ಲ. 1978ರಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ನಡೆದ ಪ್ರಯೋಗದಲ್ಲಿ ನ್ಯಾಲೊಕ್ಸೋನ್ ಕೊಟ್ಟಾಗ ಹುಸಿಮದ್ದಿನಿಂದ ತಗ್ಗಿದ್ದ ನೋವು ಮರಳಿತು. ಅಫೀಮಿನಂಥ ಔಷಧಗಳ ಪರಿಣಾಮವನ್ನು ತಡೆಯುವ ಮದ್ದು ಅದು. ನಂಬಿಕೆಯಿಂದ ದೇಹ ತನ್ನದೇ ನೋವುನಿವಾರಕವನ್ನು ಸ್ರವಿಸುತ್ತದೆ ಎಂಬುದಕ್ಕೆ ಇದು ಮೊದಲ ಗಟ್ಟಿ ಸುಳಿವು.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಹುಸಿಮದ್ದಿನ ಅತಿ ಪರಿಚಿತ ರೂಪ ಗ್ಲೂಕೋಸ್ ಬಾಟಲಿ. ತುಂಗಭದ್ರಾ ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿ ನಾಟಿ, ಕಳೆ ಎಂದು ಬಗ್ಗಿ ದುಡಿದು, ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಸೋತು ಬಂದವರು ಆರ್‌ಎಂಪಿ ಡಾಕ್ಟರ ಹತ್ತಿರ ಕೇಳುವುದು ಮಾತ್ರೆಯನ್ನಲ್ಲ; ‘ಒಂದು ಬಾಟ್ಲಿ ಏರಿಸ್ರಿ, ಸೂಜಿ ಮಾಡ್ರಿ’ ಎನ್ನುತ್ತಾರೆ. ಶೇ. 5ರ ಡೆಕ್ಸ್‌ಟ್ರೋಸ್‌ನ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ ಮಾತ್ರ. ಒಂದು ದೊಡ್ಡ ಲೋಟ ಪಾನಕದಲ್ಲೂ ಅಷ್ಟಿರುತ್ತದೆ. ಅದಕ್ಕೆ ಬಿ-ಕಾಂಪ್ಲೆಕ್ಸ್ ಬೆರೆಸಿದರೆ ದ್ರವ ಹಳದಿಯಾಗುತ್ತದೆ, ಆಮೇಲೆ ಮೂತ್ರವೂ ಹಳದಿಯಾಗುತ್ತದೆ. ಮದ್ದು ಮೈಗೆ ಹತ್ತಿತೆಂದು ರೋಗಿಗೆ ಕಣ್ಣಾರೆ ಕಾಣುತ್ತದೆ. ಒಂದೆರಡು ತಾಸು ನೆರಳಲ್ಲಿ ಮಲಗುವುದು, ಮನೆಯವರು ಪಕ್ಕದಲ್ಲಿ ಕೂರುವುದು, ಯಾರೋ ನಾಡಿ ಹಿಡಿದು ವಿಚಾರಿಸುವುದು, ಇವೆಲ್ಲ ಆ ಬಾಟಲಿಯ ಜೊತೆಗೇ ಸಿಗುತ್ತವೆ. ಸುಧಾರಿಸಿದ್ದು ನಿಜ. ಆದರೆ ದಿನಗೂಲಿಯವರು ಅದಕ್ಕೆ ಒಂದು ದಿನದ ದುಡಿಮೆ ತೆರುವುದು ಅನ್ಯಾಯ. ಭೇದಿಯಿಂದ ನೀರು ಕಳೆದುಕೊಂಡ ಬಹುಪಾಲು ಜನರಿಗೆ ಓಆರ್‌ಎಸ್ ಪುಡಿಯ ನೀರೇ ಸಾಕು.

ರಕ್ತನಾಳಕ್ಕೆ ಇಳಿಯುವ ಯಾವುದೂ ‘ಏನೂ ಆಗಲ್ಲ ಬಿಡಿ’ ಎನ್ನುವಂಥದ್ದಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದವರಲ್ಲಿ ಐವರು ಬಾಣಂತಿಯರು ತೀರಿಕೊಂಡಾಗ ಶಂಕೆ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅಲ್ಲಿ ಅದನ್ನು ಕೊಟ್ಟದ್ದು ಹುಸಿಮದ್ದಾಗಿ ಅಲ್ಲ, ಶಸ್ತ್ರಚಿಕಿತ್ಸೆಗೆ ಬೇಕೆಂದೇ. ಬೇಕಾದಾಗಲೇ ಇಷ್ಟು ಅಪಾಯವಿದ್ದರೆ, ಬೇಡದ ಬಾಟಲಿಯನ್ನು ಸಮಾಧಾನಕ್ಕೆಂದು ಏರಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ನಂಬಿಕೆಯನ್ನೇ ಮದ್ದಾಗಿಸುವ ಇನ್ನೊಂದು ರೂಢಿಯಾದ ಹಾವಿನ ಮಂತ್ರದ ವಿಚಾರ ಇನ್ನೂ ಗಂಭೀರ. ಗದ್ದೆಯಲ್ಲಿ ಕಡಿಯುವ ಹಾವುಗಳಲ್ಲಿ ನೀರೊಳ್ಳೆ, ಕೇರೆಯಂಥ ವಿಷವಿಲ್ಲದವೂ ಇವೆ. ನಾಗರವೂ ಕಡಿದಾಗಲೆಲ್ಲ ವಿಷ ಬಿಡುವುದಿಲ್ಲ. ಇಂಥ ಕಡಿತಗಳಲ್ಲಿ ಉಳಿದವರಿಂದಲೇ ಮಂತ್ರಗಾರರ ಹೆಸರು ಬೆಳೆಯುತ್ತದೆ. ಕೊಳಕುಮಂಡಲ ವಿಷ ಬಿಟ್ಟಿದ್ದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ, ಕಟ್ಟುಹಾವಿನ ವಿಷವಾದರೆ ಉಸಿರಾಟದ ಸ್ನಾಯುಗಳು ಸೋಲುತ್ತವೆ; ಆಗ ಬೇಕಾದ್ದು ಆಸ್ಪತ್ರೆ, ಪ್ರತಿವಿಷ. ಮಂತ್ರ ಹಾಕಿಸುತ್ತ ಕಳೆದ ಪ್ರತಿ ಗಂಟೆಯೂ ನಷ್ಟ. ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕ 2024ರಲ್ಲಿ ಆದೇಶ ಹೊರಡಿಸಿತು.

ಹುಸಿಮದ್ದಿಗೆ ಪ್ರಾಮಾಣಿಕ ಸ್ಥಾನವಿರುವುದು ಔಷಧ ಪರೀಕ್ಷೆಯಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿ.ಎನ್. ಗಂಗಾಧರ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಖಿನ್ನತೆಯ ಅಧ್ಯಯನದಲ್ಲಿ ಒಂದು ಗುಂಪಿಗೆ ವಿದ್ಯುತ್ ಚಿಕಿತ್ಸೆಯೊಂದಿಗೆ ಹುಸಿ ಮಾತ್ರೆ, ಇನ್ನೊಂದಕ್ಕೆ ಇಮಿಪ್ರಮಿನ್‌ನೊಂದಿಗೆ ಹುಸಿ ವಿದ್ಯುತ್ ಚಿಕಿತ್ಸೆ ಕೊಡಲಾಗಿತ್ತು. ಇದಕ್ಕಿಂತ ದೂರ ಹೋದದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳ ಪ್ರಯೋಗ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ಆದೀತೇ ಎಂಬುದು ಪ್ರಶ್ನೆ. 2002ರಿಂದ 2005ರವರೆಗೆ 1620 ಹೆಂಗಸರಿಗೆ, ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆಯಾದಾಗ, ಎಎನ್‌ಎಂ ಸಿಸ್ಟರುಗಳು ಆ ಮಾತ್ರೆಯನ್ನೋ ನೋಡಲು ಹಾಗೆಯೇ ಇರುವ ಹುಸಿ ಮಾತ್ರೆಯನ್ನೋ ಕೊಟ್ಟರು. ಯಾವುದು ಯಾವುದೆಂದು ಅವರಿಗೂ ತಿಳಿದಿರಲಿಲ್ಲ. ಕೆಳಗೆ ಹಾಸಿದ ಅಳತೆಗೆರೆಯ ಪ್ಲಾಸ್ಟಿಕ್ ಚೀಲದಲ್ಲಿ ರಕ್ತ ಹಿಡಿದು ಅಳೆದರು. ಅರ್ಧ ಲೀಟರ್ ಅಥವಾ ಹೆಚ್ಚು ರಕ್ತ ಹೋದವರು ಹುಸಿ ಮಾತ್ರೆಯ ಗುಂಪಿನಲ್ಲಿ ಶೇ. 12, ಮಿಸೊಪ್ರೊಸ್ಟಾಲ್ ಗುಂಪಿನಲ್ಲಿ ಶೇ. 6.4. ಫಲಿತಾಂಶ 2006ರಲ್ಲಿ ‘ದಿ ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು.

ಬಾಣಂತಿಯ ಜೀವದ ಪ್ರಶ್ನೆಯಿರುವಾಗ ಹುಸಿ ಮಾತ್ರೆ ಕೊಡಬಹುದೇ? ಆಕ್ಸಿಟೋಸಿನ್ ಸೂಜಿ ಕೊಡುವ ವ್ಯವಸ್ಥೆ ಇಲ್ಲದ ಕಡೆಗೆಂದೇ ಈ ಪರೀಕ್ಷೆಯನ್ನು ರೂಪಿಸಲಾಗಿತ್ತು ಎಂಬುದು ಅದರ ಸಮರ್ಥನೆ. ಆದರೂ ಆ ಗುಂಪಿನ ಹೆಂಗಸರು ಹೊತ್ತ ಅಪಾಯ ಸಣ್ಣದಲ್ಲ. ಅವರ ಋಣ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ, ಆಕ್ಸಿಟೋಸಿನ್ ಸಿಗದ ಅಥವಾ ಸುರಕ್ಷಿತವಾಗಿ ಕೊಡಲಾಗದ ಕಡೆ ರಕ್ತಸ್ರಾವ ತಡೆಯಲು ಬಳಸುವ ಮಾತ್ರೆಯೆಂದು ಮಿಸೊಪ್ರೊಸ್ಟಾಲನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.