ಎರೆಹೊಲದ ಪ್ರಶ್ನೆ, ಸಂಖ್ಯಾಶಾಸ್ತ್ರದ ತೀರ್ಪು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಹಿಂಗಾರಿ ಬಿಳಿಜೋಳ ಒಂದೇ ಊರಿನಲ್ಲೂ ಸಮನಾಗಿ ಬರುವುದಿಲ್ಲ. ಡೋಣಿ ದಂಡೆಯ ಆಳದ ಎರೆ ಬೇರೆ, ಮಡ್ಡಿಯ ತೆಳು ಮಣ್ಣು ಬೇರೆ. ಮಳೆನೀರು ಇಂಗಿಸಲು ಚೌಕುಮಡಿ ಕಟ್ಟಿದ ಹೊಲದಲ್ಲಿ ಎಕರೆಗೆ ಒಂದು ಕ್ವಿಂಟಲ್ ಹೆಚ್ಚು ಬಂದರೆ ಅದು ಚೌಕುಮಡಿಯ ಫಲವೋ, ನೆಲದ ಗುಣವೋ? ಪಿಯುಸಿ ಸಂಖ್ಯಾಶಾಸ್ತ್ರದಲ್ಲಿ ಪ್ರಾಕ್ಕಲ್ಪನೆಯ ಪರೀಕ್ಷೆ ಎಂದು ಕಲಿಸುವ ಪಾಠ ಬಹುಪಾಲು ಬೆಳೆದದ್ದು ಇಂಥ ಪ್ರಶ್ನೆಯಿಂದಲೇ.

ಇದರ ಬೇರು ಹಳೆಯದು. 1710ರಲ್ಲಿ ಜಾನ್ ಅರ್ಬತ್‌ನಾಟ್ ಅವರು ಲಂಡನ್ನಿನ ಚರ್ಚುಗಳ 82 ವರ್ಷಗಳ ದಾಖಲೆ ನೋಡಿ, ಪ್ರತಿ ವರ್ಷವೂ ಗಂಡುಮಕ್ಕಳೇ ಹೆಚ್ಚಿದ್ದದ್ದು ಆಕಸ್ಮಿಕವಲ್ಲ ಎಂದು ವಾದಿಸಿದರು. 1900ರಲ್ಲಿ ಕಾರ್ಲ್ ಪಿಯರ್ಸನ್ ಕೈ-ವರ್ಗ ಪರೀಕ್ಷೆ ಕೊಟ್ಟರು. ಗಿನ್ನೆಸ್ ಬಿಯರ್ ಕಂಪನಿಯ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಚಿಕ್ಕ ಮಾದರಿಗಳ ಲೆಕ್ಕಕ್ಕೆ ದಾರಿ ತೋರಿದರು.

ಬೆಳೆ ಪ್ರಯೋಗಕ್ಕೆ ಶಿಸ್ತು ತಂದವರು ಆರ್.ಎ. ಫಿಶರ್. 1919ರಲ್ಲಿ ರೊಥ್ಯಾಮ್‌ಸ್ಟೆಡ್ ಕೃಷಿ ಕೇಂದ್ರ ಸೇರಿದ ಅವರು, ಯಾವ ಮಡಿಗೆ ಯಾವ ಉಪಚಾರ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕು, ಪ್ರತಿ ಉಪಚಾರವನ್ನೂ ಹಲವು ಮಡಿಗಳಲ್ಲಿ ಮಾಡಬೇಕು ಎಂದರು. ಆಮೇಲೆ ಪರೀಕ್ಷೆ ನಡೆಯುವುದು ಹೀಗೆ: ಮೊದಲು ‘ಚೌಕುಮಡಿಯಿಂದ ವ್ಯತ್ಯಾಸವೇ ಇಲ್ಲ’ ಎಂದು ಊಹಿಸಿಕೊಳ್ಳಿ. ಇದು ಶೂನ್ಯ ಪ್ರಾಕ್ಕಲ್ಪನೆ. ಹಾಗಿದ್ದೂ ನಮಗೆ ಕಂಡಷ್ಟು ಅಥವಾ ಅದಕ್ಕಿಂತ ದೊಡ್ಡ ಅಂತರ ಬರುವ ಸಂಭವ ಎಷ್ಟು? ಅದೇ ಪಿ-ಮೌಲ್ಯ. ಅದು ಶೇ 5ಕ್ಕಿಂತ ಕಡಿಮೆಯಾದರೆ ಊಹೆಯನ್ನು ಕೈಬಿಡುವ ರೂಢಿ ಫಿಶರ್ ಅವರಿಂದ ಬಂತು. ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿರುವ ಸಂಭವವೇ ಪಿ-ಮೌಲ್ಯ ಎಂದು ಇಂದಿಗೂ ಅನೇಕರು ತಿಳಿದಿದ್ದಾರೆ. ಅದು ತಪ್ಪು.

1933ರಲ್ಲಿ ನೇಮನ್ ಮತ್ತು ಎಗಾನ್ ಪಿಯರ್ಸನ್ ಎರಡು ದೋಷಗಳನ್ನು ಬೇರ್ಪಡಿಸಿದರು. ಇಲ್ಲದ ಲಾಭವನ್ನು ಇದೆ ಎನ್ನುವುದು ಮೊದಲನೆಯದು, ಇರುವ ಲಾಭವನ್ನು ಕಾಣದೆ ಹೋಗುವುದು ಎರಡನೆಯದು. ಒಣಬೇಸಾಯದ ನಾಡಿಗೆ ಎರಡನೆಯದೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಮಳೆ ವರ್ಷದಿಂದ ವರ್ಷಕ್ಕೆ ಏರುಪೇರಾದಾಗ ಇಳುವರಿಯೂ ಅಷ್ಟೇ ಚದುರುತ್ತದೆ. ಮಡಿಗಳು ಮೂರೋ ನಾಲ್ಕೋ ಇದ್ದರೆ ನಿಜವಾದ ಲಾಭವೂ ಆ ಚದುರಿನಲ್ಲಿ ಮುಚ್ಚಿಹೋಗುತ್ತದೆ.

ಭಾರತದಲ್ಲಿ ಈ ವಿದ್ಯೆ ಬೇಗ ನೆಲೆಯೂರಿತು. 1931ರಲ್ಲಿ ಮಹಾಲನೋಬಿಸ್ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದರು. ಅದೇ ದಶಕದಲ್ಲಿ ಸೊಲ್ಲಾಪುರ, ಹಗರಿ, ರಾಯಚೂರುಗಳ ಜೊತೆಗೆ ವಿಜಾಪುರದಲ್ಲೂ (ಇಂದಿನ ವಿಜಯಪುರ) ಒಣಬೇಸಾಯದ ಸಂಶೋಧನೆ ಆರಂಭವಾಯಿತು. ಇಂದು ವಿಜಯಪುರದ ಕೇಂದ್ರ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದೆ. 1954ರಲ್ಲಿ ಬಂದ ಪಾನ್ಸೆ–ಸುಖಾತ್ಮೆ ಅವರ ಪುಸ್ತಕ ಕೃಷಿ ವಿದ್ಯಾರ್ಥಿಗಳ ಕೈಪಿಡಿಯಾಯಿತು. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ 1948ರಲ್ಲಿ ಕೊಟ್ಟ ‘ಸ್ಕೋರ್ ಪರೀಕ್ಷೆ’ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ನಮ್ಮ ಪಠ್ಯಗಳು ಅವರನ್ನು ಇನ್ನಷ್ಟು ನೆನೆಯಬೇಕಿತ್ತು.

ಶೇ 5ರ ಗೆರೆಯನ್ನೇ ಸತ್ಯದ ಗೆರೆ ಎಂದು ಭಾವಿಸಬಾರದೆಂದು ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಎಚ್ಚರಿಸಿತು. ನಮ್ಮ ಸಂಶೋಧಕರಲ್ಲಿ ಒಂದು ಕೋರಿಕೆ: ‘ಸಾರ್ಥಕ ವ್ಯತ್ಯಾಸವಿಲ್ಲ’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ಎಕರೆಗೆ ಎಷ್ಟು ಕ್ವಿಂಟಲ್ ಅಂತರ, ಅದು ಎಲ್ಲಿಂದ ಎಲ್ಲಿಯವರೆಗೆ ಇರಬಹುದು, ಎಷ್ಟು ಮಡಿ, ಎಷ್ಟು ವರ್ಷ ನೋಡಿದಿರಿ ಎಂಬುದನ್ನೂ ರೈತನಿಗೆ ತಿಳಿಸಿ.