ಒಂದೇ ಸ್ಪೀಕರಿನ ಕಾರೂ ಬೆಂಗಳೂರಿನ ಡಾಲ್ಫಿನ್ನೂ

ಮೊನ್ನೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿದ ಹಾಳೆಯೊಂದನ್ನು ಸಮಾಜ ಪುಸ್ತಕದ ನಡುವೆ ಇಟ್ಟುಕೊಂಡು ಬಂದಿದ್ದ. ಪಾಠ ಮುಗಿದ ಮೇಲೆ ಮೆಲ್ಲಗೆ ಮೇಜಿನ ಹತ್ತಿರ ಬಂದು ಕೇಳಿದ: "ಸಾರ್, ಇದು ಷೆವರ್ಲೆ ಕ್ಯಾಮರೋ. ಎಪ್ಪತ್ತೈದು ಸಾವಿರ ಡಾಲರಂತೆ. ಆದರೆ ಎ.ಸಿ. ಇಲ್ಲ, ಸ್ಪೀಕರ್ ಒಂದೇ ಒಂದು, ಡಿಕ್ಕಿಯಲ್ಲಿ ಕಾರ್ಪೆಟ್ಟೂ ಇಲ್ಲ. ದುಡ್ಡು ಜಾಸ್ತಿ ತಗೊಂಡು ಸಾಮಾನು ಕಮ್ಮಿ ಕೊಡೋದು ಯಾವ ನ್ಯಾಯ ಸಾರ್?"

ಮಗ್ಗದ ಮನೆಯ ಹುಡುಗ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ವ್ಯಾಪಾರದಲ್ಲಿ ಮಾತ್ರ ಎರಡೂ ಭಾಷೆಯಲ್ಲಿ ಚುರುಕು. ಅವನ ಪ್ರಶ್ನೆ ನ್ಯಾಯವಾದದ್ದೇ! ಅವತ್ತು ಅರ್ಧಂಬರ್ಧ ಉತ್ತರ ಹೇಳಿ ಕಳಿಸಿದೆ. ಉಳಿದರ್ಧಕ್ಕೆ ನಮ್ಮ ಬೆಂಗಳೂರಿಗೂ ಮದರಾಸಿಗೂ ಹೋಗಿ ಬರಬೇಕು, ಅದಕ್ಕೇ ಈ ಬರಹ.

ಆ ಹಾಳೆಯಲ್ಲಿದ್ದದ್ದು ಕ್ಯಾಮರೋದ ಝಡ್ 28 ಎಂಬ ಮಾದರಿ. 2013ರಲ್ಲಿ ನ್ಯೂಯಾರ್ಕಿನ ಕಾರು ಪ್ರದರ್ಶನದಲ್ಲಿ ತೋರಿಸಿ, ಮರುವರ್ಷ ಮಾರಾಟಕ್ಕೆ ಬಿಟ್ಟರು. ಏಳು ಲೀಟರಿನ ಎಂಜಿನ್, 505 ಅಶ್ವಶಕ್ತಿ. ಕಂಪನಿಯ ಎಂಜಿನಿಯರುಗಳು ಇಡೀ ಕಾರನ್ನು ತಕ್ಕಡಿಯಲ್ಲಿಟ್ಟ ಹಾಗೆ ನೋಡುತ್ತಾ, ರೇಸಿನ ಟ್ರ್ಯಾಕಿನಲ್ಲಿ ಕೆಲಸಕ್ಕೆ ಬಾರದ್ದನ್ನೆಲ್ಲ ಕಿತ್ತರು. ಹಿಂದಿನ ಗಾಜನ್ನು 3.5 ಮಿಲಿಮೀಟರಿನಿಂದ 3.2ಕ್ಕೆ ಇಳಿಸಿದರು. ಮಿಲಿಮೀಟರಿನ ಮೂರನೇ ಒಂದು ಭಾಗಕ್ಕೂ ಕೈ ಹಾಕಿದರು ಅಂದರೆ ಅವರ ಹಟ ಎಷ್ಟಿತ್ತು ಯೋಚಿಸಿ. ಎ.ಸಿ. ಬೇಕಿದ್ದರೆ ಬೇರೆ ದುಡ್ಡು. ಸ್ಪೀಕರುಗಳನ್ನೆಲ್ಲ ತೆಗೆದು ಒಂದನ್ನು ಉಳಿಸಿದ್ದು ಹಾಡು ಕೇಳುವುದಕ್ಕಲ್ಲ, ಸೀಟ್ ಬೆಲ್ಟ್ ಹಾಕದಿದ್ದರೆ ಟಿಂಗ್ ಟಿಂಗ್ ಎಂದು ಎಚ್ಚರಿಸಬೇಕು ಎಂಬ ಕಾನೂನು ಇದೆಯಲ್ಲ, ಅದಕ್ಕಾಗಿ. ಹೀಗೆ ಚೂರು ಚೂರೇ ಕಿತ್ತು ಅದೇ ಕ್ಯಾಮರೋದ ಇನ್ನೊಂದು ಬಲಶಾಲಿ ಮಾದರಿಗಿಂತ ಸುಮಾರು 136 ಕಿಲೋ ಹಗುರ ಮಾಡಿದರು. ಎರಡು ಮೂಟೆ ಅಕ್ಕಿ ಇಳಿಸಿದ ಹಾಗೆ.

ಇದೇನು ಹೊಸ ಬುದ್ಧಿಯಲ್ಲ. 1964ರ ಏಪ್ರಿಲಿನಲ್ಲಿ ಫೋರ್ಡ್ ಕಂಪನಿ ಮಸ್ಟಾಂಗ್ ಎಂಬ ಕಾರು ಬಿಟ್ಟಿತು. ನೋಡಲು ಚಂದ, ಬೆಲೆ ಕಡಿಮೆ, ಮಾರಾಟವಂತೂ ಭರ್ಜರಿ. ಆದರೆ ರೇಸಿನವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆಗ ಫೋರ್ಡ್ ಕರೆದದ್ದು ಟೆಕ್ಸಾಸಿನ ಕ್ಯಾರೊಲ್ ಶೆಲ್ಬಿಯನ್ನು. ಒಂದು ಕಾಲಕ್ಕೆ ಕೋಳಿ ಸಾಕಿ ಕೈಸುಟ್ಟುಕೊಂಡಿದ್ದ ಈ ಮನುಷ್ಯ ಆಮೇಲೆ ರೇಸು ಓಡಿಸಿ, ಕಾರು ಕಟ್ಟಿ ಹೆಸರಾದವನು. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ನಿಯಮದ ಪ್ರಕಾರ ಕಾರಿಗೆ ಎರಡೇ ಸೀಟು ಇರಬೇಕು, ಅಂಥ ಕಾರು ಕನಿಷ್ಠ ನೂರಾದರೂ ತಯಾರಾಗಿರಬೇಕು. ಶೆಲ್ಬಿ ಮಾಡಿದ ಮೊದಲ ಕೆಲಸವೇ ಹಿಂದಿನ ಸೀಟು ತೆಗೆದು ಆ ಜಾಗದಲ್ಲಿ ಸ್ಟೆಪ್ನಿ ಚಕ್ರ ಇಟ್ಟದ್ದು! ಅದು ಜಿ.ಟಿ. 350. ಅದರೊಳಗೇ ಬರೀ ರೇಸಿಗೆಂದು ಇನ್ನೊಂದು ಮಾದರಿ ಮಾಡಿದರು, ಜನ ಅದನ್ನು 'ಆರ್' ಎಂದು ಕರೆದರು. ಮೊದಲ ಎರಡು ಮಾದರಿ ಕಾರುಗಳೂ ಸೇರಿ ಇದ್ದದ್ದು ಒಟ್ಟು 36 ಮಾತ್ರ.

ಈ 36 ಕಾರುಗಳ ಕತೆ ಸ್ವಾರಸ್ಯವಾಗಿದೆ. ಫೋರ್ಡ್ ಕಾರ್ಖಾನೆಯಿಂದ ಕಾರುಗಳು ಬರುವಾಗಲೇ ಕಾರ್ಪೆಟ್, ಬದಿಯ ಗಾಜು, ಹಿಂದಿನ ಗಾಜು, ಸದ್ದು ತಡೆಯುವ ಹಾಸು ಯಾವುದೂ ಇರುತ್ತಿರಲಿಲ್ಲ. ಹಾಕಿ ಕೀಳುವ ಬದಲು ಹಾಕದೆಯೇ ಕಳಿಸಿ ಅಂದಿದ್ದರು. ಗಾಜಿನ ಬದಲು ಹಗುರ ಪ್ಲಾಸ್ಟಿಕ್ ಹಾಳೆ ಬಂತು. ಹಿಂದಿನ ಕಿಟಕಿಯ ಮೇಲಂಚಿನಲ್ಲಿ ಸಂದು ಬಿಟ್ಟು, ಒಳಗಿನ ಬಿಸಿಗಾಳಿ ಹೊರಹೋಗುವಂತೆ ರೂಪಿಸಿದವನು ಪೀಟರ್ ಬ್ರಾಕ್ ಎಂಬ ವಿನ್ಯಾಸಕ. ಮುಂದಿನ ಬಂಪರ್ ತೆಗೆದು ಆ ಜಾಗಕ್ಕೆ ಫೈಬರಿನ ಮೂತಿ ಕೂರಿಸಿದರು, ಅದರಲ್ಲಿ ಎಣ್ಣೆಯನ್ನೂ ಬ್ರೇಕನ್ನೂ ತಂಪು ಮಾಡಲು ಕಿಂಡಿಗಳು. ಚಕ್ರಗಳು ಮೆಗ್ನೀಸಿಯಂ ಲೋಹದವು. (ನಮ್ಮ ಸೇಲಂ ಪಕ್ಕದ ಬಿಳಿ ಗುಡ್ಡಗಳಲ್ಲಿ ತೆಗೆಯುವ ಮ್ಯಾಗ್ನಸೈಟ್ ಕಲ್ಲಿನಲ್ಲೂ ಅದೇ ಧಾತು ಇದೆ. ಆದರೆ ನಮ್ಮ ಕಲ್ಲು ಹೋಗುವುದು ರೇಸಿಗಲ್ಲ, ಉಕ್ಕಿನ ಕುಲುಮೆಯ ಇಟ್ಟಿಗೆಗೆ. ಇರಲಿ.) 1965ರ ಫೆಬ್ರವರಿಯಲ್ಲಿ ಟೆಕ್ಸಾಸಿನ ಗ್ರೀನ್ ವ್ಯಾಲಿಯಲ್ಲಿ ಕೆನ್ ಮೈಲ್ಸ್ ಈ ಕಾರಿನ ಮೊದಲ ರೇಸನ್ನೇ ಗೆದ್ದ. ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಪಟ್ಟವೂ ಅದೇ ಕಾರಿನ ಪಾಲಾಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಮೂತಿಗೆ ಫೈಬರನ್ನೇ ಯಾಕೆ ಆರಿಸಿದರು? ಹಗುರ ಎಂಬುದು ಒಂದು ಕಾರಣ. ಇನ್ನೊಂದು, 36 ತುಂಡಿಗೋಸ್ಕರ ಉಕ್ಕಿನ ಹಾಳೆ ಒತ್ತುವ ದೊಡ್ಡ ಅಚ್ಚು ಮಾಡಿಸಿದರೆ ದಿವಾಳಿ. ಉಕ್ಕಿನ ಅಚ್ಚು ಮಾಡಿಸುವ ಖರ್ಚು ಹುಟ್ಟಬೇಕಾದರೆ ಸಾವಿರಾರು, ಲಕ್ಷಾಂತರ ತುಂಡು ಒತ್ತಬೇಕು. ಫೈಬರಿಗೆ ಆ ತಾಪತ್ರಯ ಇಲ್ಲ. ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡುವುದು ಬಲು ಸುಲಭ. ಗಾಜನ್ನು ಕರಗಿಸಿ ನೂಲಿನಂತೆ ಎಳೆಯುತ್ತಾರೆ. ಆ ನೂಲಿನಿಂದ ಹಾಸು ಹೊಕ್ಕು ಹಾಕಿ ಬಟ್ಟೆ ನೇಯುತ್ತಾರೆ, ಅಥವಾ ಕತ್ತರಿಸಿ ಚಾಪೆಯ ಹಾಗೆ ಹರಡುತ್ತಾರೆ. ಅದನ್ನು ಅಚ್ಚಿನ ಮೇಲೆ ಹಾಸಿ ಅಂಟಿನ ರಾಳ ಬಳಿದರೆ, ಗಂಜಿ ಹಾಕಿದ ಪಂಚೆ ಒಣಗಿ ಸೆಟೆದು ನಿಲ್ಲುತ್ತದಲ್ಲ, ಹಾಗೆ ಗಟ್ಟಿಯಾಗುತ್ತದೆ. ಪಂಚೆ ನೀರು ಕಂಡರೆ ಮೆತ್ತಗಾಗುತ್ತದೆ, ಇದು ಆಗುವುದಿಲ್ಲ, ಅಷ್ಟೇ ವ್ಯತ್ಯಾಸ. ಕೈಕೆಲಸ, ನಿಧಾನ, ಆದರೆ ಬಂಡವಾಳ ಕಡಿಮೆ.

ಈಗ ಬೆಂಗಳೂರಿಗೆ ಬರೋಣ. 1970ರ ದಶಕದಲ್ಲಿ ಅಲ್ಲಿ ಸನ್‌ರೈಸ್ ಆಟೋಮೋಟಿವ್ ಎಂಬ ಸಣ್ಣ ಕಂಪನಿ ಶುರುವಾಯಿತು, ಮುಂದೆ ಸಿಪಾನಿ ಆಟೋಮೊಬೈಲ್ಸ್ ಎಂದು ಹೆಸರಾಯಿತು. ಮೊದಲು ಮಾಡಿದ್ದು ಬಾದಲ್ ಎಂಬ ಮೂರು ಚಕ್ರದ ಕಾರು, ಫೈಬರ್ ಮೈ. ಅದು ನಡೆಯಲಿಲ್ಲ. ಆಮೇಲೆ ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿ ಕಿಟನ್ ಎಂಬ ಪುಟ್ಟ ಕಾರಿನ ತಯಾರಿಕೆ ನಿಲ್ಲಿಸುತ್ತಿದ್ದ ಹೊತ್ತಿನಲ್ಲಿ ಸಿಪಾನಿಯವರು ಅದರ ಪರವಾನಗಿ ಪಡೆದು, 1982ರಲ್ಲಿ ಡಾಲ್ಫಿನ್ ಎಂಬ ಹೆಸರಿನಲ್ಲಿ ಬೆಂಗಳೂರಿನಲ್ಲೇ ಕಟ್ಟತೊಡಗಿದರು. ಎರಡು ಬಾಗಿಲು, ನಾಲ್ಕು ಚಕ್ರ, 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್. ಏಣಿಯಂಥ ಉಕ್ಕಿನ ಚಾಸಿ, ಅದರ ಮೇಲೆ ಕೂರಿಸಿದ ಫೈಬರ್ ಮೈ.

ಆ ಕಾಲದಲ್ಲಿ ನಮ್ಮ ರಸ್ತೆಯಲ್ಲಿ ಇದ್ದ ಕಾರು ಅಂದರೆ ಮುಖ್ಯವಾಗಿ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ. ಒಂದು ಸಣ್ಣ ಲೆಕ್ಕ ಹಾಕೋಣ, ಹೇಗೂ ಮೇಷ್ಟ್ರಿಗೆ ಕಪ್ಪುಹಲಗೆ ಬಿಟ್ಟಿರಲಾಗದು. ಪದ್ಮಿನಿಯದು 1089 ಸಿ.ಸಿ., ನಲವತ್ತರ ಆಸುಪಾಸಿನ ಅಶ್ವಶಕ್ತಿ, ತೂಕ ಹತ್ತಿರ ಹತ್ತಿರ 900 ಕಿಲೋ. ಒಂದೊಂದು ಕುದುರೆ ಇಪ್ಪತ್ತೆರಡು ಕಿಲೋ ಎಳೆಯಬೇಕು. ಅಂಬಾಸಿಡರಿನ 1489 ಸಿ.ಸಿ. ಎಂಜಿನ್ ಐವತ್ತರ ಹತ್ತಿರ ಶಕ್ತಿ ಕೊಡುತ್ತಿತ್ತು, ಆದರೆ ತೂಕ ಸಾವಿರದ ನೂರು ಕಿಲೋದ ಸುತ್ತಮುತ್ತ. ಅಲ್ಲೂ ಅದೇ ಇಪ್ಪತ್ತೆರಡು. ಡಾಲ್ಫಿನ್ನಿನ ಶಕ್ತಿ ಪದ್ಮಿನಿಯಷ್ಟೇ, ತೂಕ ಮಾತ್ರ ಐನೂರು ಚಿಲ್ಲರೆ ಕಿಲೋ. ಒಂದು ಕುದುರೆಗೆ ಹದಿಮೂರು ಹದಿನಾಲ್ಕು ಕಿಲೋ! ಶೆಲ್ಬಿ ತನ್ನ ಮಸ್ಟಾಂಗಿನಿಂದ ಏನೆಲ್ಲ ಕಿತ್ತು, ಒದ್ದಾಡಿ, ದುಡ್ಡು ಸುರಿದು ಇಳಿಸಿದ ತೂಕವನ್ನು ಡಾಲ್ಫಿನ್ ಹುಟ್ಟುವಾಗಲೇ ಇಳಿಸಿಕೊಂಡು ಬಂದಿತ್ತು. ರೇಸಿಗೆಂದು ಯೋಚಿಸಿ ಮಾಡಿದ್ದಲ್ಲ. ಉಕ್ಕಿನ ಅಚ್ಚಿಗೆ ಹಾಕುವಷ್ಟು ದುಡ್ಡು ಸಣ್ಣ ಕಂಪನಿಗಳ ಹತ್ತಿರ ಇರಲಿಲ್ಲ, ಟ್ಯಾಮ್‌ವರ್ತಿನಲ್ಲೂ ಇರಲಿಲ್ಲ, ಬೆಂಗಳೂರಿನಲ್ಲೂ ಇರಲಿಲ್ಲ. ಬಡತನದ ಹಗುರ ಅದು.

ರೇಸಿನವರ ಕಣ್ಣಿಗೆ ಇದು ಕೂಡಲೇ ಬಿತ್ತು. ಆಗ ದಕ್ಷಿಣದ ರೇಸು ಅಂದರೆ ಶೋಳಾವರಂ. ಮದರಾಸಿನ ಉತ್ತರಕ್ಕೆ, ಕಲ್ಕತ್ತೆಯ ಹೆದ್ದಾರಿಯ ಬದಿಗೆ, ಎರಡನೇ ಮಹಾಯುದ್ಧದ ಕಾಲದ ವಿಮಾನದ ಹಾಸುದಾರಿ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ರೇಸು ನಡೆಸುತ್ತಿದ್ದರು. ವಿಜಯ ಮಲ್ಯ ಎನ್‌ಸೈನ್ ಕಂಪನಿಯ ಹಳೆಯ ಫಾರ್ಮುಲಾ ಒನ್ ಕಾರು ತಂದು ಓಡಿಸಿದ್ದು ಅಲ್ಲೇ. ಅಂಥವರು ಒಂದು ಕಡೆ. ಇನ್ನೊಂದು ಕಡೆ ಸ್ವಂತ ಸಂಬಳದಲ್ಲಿ, ಗೆಳೆಯನ ಗ್ಯಾರೇಜಿನಲ್ಲಿ ಕಾರು ಸಿದ್ಧಮಾಡಿಕೊಂಡು ಬೆಂಗಳೂರು, ಕೊಯಮತ್ತೂರುಗಳಿಂದ ಬರುತ್ತಿದ್ದವರು. ಈ ಎರಡನೇ ಗುಂಪಿಗೆ ಡಾಲ್ಫಿನ್ ವರದಾನವಾಯಿತು. ಶೋಳಾವರದಲ್ಲೂ, ಕರ್ನಾಟಕದ ಕೆ-1000ದಂಥ ರ್‍ಯಾಲಿಗಳ ಕಾಲದಲ್ಲೂ ಇದಕ್ಕೆ ಒಳ್ಳೆಯ ಹೆಸರು ಬಂತು.

ಅಂಥ ಕಾರನ್ನು ಸಿದ್ಧಮಾಡುವ ಕ್ರಮ ಶೆಲ್ಬಿಯ ಕ್ರಮವೇ, ಹಣ ಮಾತ್ರ ಬೇರೆ. ಹಿಂದಿನ ಸೀಟು, ಬಾಗಿಲಿನ ಒಳಹೊದಿಕೆ, ನೆಲಹಾಸು, ಬಂಪರ್ ಎಲ್ಲ ಬಿಚ್ಚಿ ಮೂಲೆಗಿಡಬೇಕು. ಕಾರ್ಬೊರೇಟರ್ ಬದಲಿಸಬೇಕು, ಎಂಜಿನ್ನಿನ ಒತ್ತಡ ಹೆಚ್ಚಿಸಲು ಹೆಡ್ಡನ್ನು ತುಸು ಅರೆಯಬೇಕು. ಆಮೇಲೆ ಒಂದು ಸಂಕಟ ಎದುರಾಗುತ್ತದೆ. ಮಗುಚಿಬಿದ್ದರೆ ಚಾಲಕನ ತಲೆ ಉಳಿಸಲು ಒಳಗೆ ಕೊಳವೆಯ ಪಂಜರ ಬೇಕು. ಉಕ್ಕಿನ ಮೈಯಾದರೆ ಅದಕ್ಕೇ ಬೆಸುಗೆ ಹಾಕಬಹುದು, ಫೈಬರಿಗೆ ಬೆಸುಗೆ ಹತ್ತುವುದಿಲ್ಲ. ಪಂಜರದ ಕಾಲುಗಳು ಕೆಳಗಿನ ಚಾಸಿಯವರೆಗೂ ಇಳಿದು ಅಲ್ಲಿ ಹಿಡಿಯಬೇಕು. ಕಷ್ಟಪಟ್ಟು ಇಳಿಸಿದ ತೂಕದಲ್ಲಿ ಒಂದು ಪಾಲು ಹೀಗೆ ವಾಪಸು ಬಂತು. ಆದರೆ ಇದು ಕಿಲೋ ಲೆಕ್ಕ ಹಾಕಿ ಉಳಿಸುವ ಜಾಗವಲ್ಲ. ಇನ್ನು ಐನೂರು ಕಿಲೋದ ಕಾರಿನಲ್ಲಿ ಎಪ್ಪತ್ತೈದು ಕಿಲೋದ ಚಾಲಕ ಕೂತರೆ ಅವನೇ ಏಳನೇ ಒಂದು ಪಾಲು! ಊಟದ ಮೇಲೂ ಕಣ್ಣಿಡಬೇಕಾಗುತ್ತದೆ.

ಹಗುರ ಕಾರಿನ ಲಾಭ ತಿರುವಿನಲ್ಲಿ ಗೊತ್ತಾಗುತ್ತದೆ. ತಡವಾಗಿ ಬ್ರೇಕ್ ಹಾಕಬಹುದು, ತಿರುವಿನಿಂದ ಬೇಗ ಹೊರಬರಬಹುದು, ಟೈರು ಬೇಗ ಸವೆಯದು. ಶೋಳಾವರದ ಉದ್ದನೆಯ ನೇರ ದಾರಿಯಲ್ಲಿ ಮಾತ್ರ ಈ ಲಾಭ ಕರಗುತ್ತದೆ. ಅಲ್ಲಿ ಎದುರು ನಿಲ್ಲುವುದು ಗಾಳಿ, ಗಾಳಿಗೆ ತೂಕದ ಮುಲಾಜಿಲ್ಲ. ಅಲ್ಲಿ ದೊಡ್ಡ ಎಂಜಿನ್ನಿನವನು ಮುಂದೆ, ತಿರುವು ಬಂದಾಗ ಪುಟ್ಟ ಕಾರಿನವನು ಮತ್ತೆ ಅವನ ಬೆನ್ನಿಗೆ.

ಟ್ರ್ಯಾಕಿನಲ್ಲಿ ಹೀಗೆ ಹೆಸರು ಮಾಡಿದ ಕಾರು ಅಂಗಡಿಯಲ್ಲಿ ಯಾಕೆ ಸೋತಿತು? ಇದೇ ನನ್ನನ್ನು ಕಾಡುವ ಪ್ರಶ್ನೆ. ಒಂದು ಉತ್ತರ ಎಲ್ಲರಿಗೂ ಗೊತ್ತು: 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಜಪಾನಿನ ಸುಝುಕಿಯ ಕೌಶಲ, ಸರಕಾರದ ಬೆಂಬಲ, ಉಕ್ಕಿನ ಮೈ, ಬೆಲೆಯೂ ಕೈಗೆಟಕುವಂಥದ್ದು. ಕೈಯಲ್ಲಿ ಅಚ್ಚೊತ್ತಿ ಕಟ್ಟುವ ಸಣ್ಣ ಕಂಪನಿ ಅದರ ಮುಂದೆ ನಿಲ್ಲುವುದು ಹೇಗೆ? ಇನ್ನೊಂದು ಉತ್ತರ ನಮ್ಮ ಜನರ ಮನಸ್ಸಿನಲ್ಲಿದೆ. ಬಾಗಿಲು ಹಾಕಿದರೆ ಧಡ್ ಎನ್ನಬೇಕು, ಆಗಲೇ ಅದು ಕಾರು. ನಮ್ಮ ಬೀದಿಯಲ್ಲಿ ಸೀರೆ ಕೊಳ್ಳಲು ಬಂದವರು ಮೊದಲು ಅಂಗೈಯಲ್ಲಿಟ್ಟು ತೂಗಿ ನೋಡುತ್ತಾರೆ. ಎಳೆ ಎಷ್ಟು ನಯ, ನೇಯ್ಗೆ ಎಷ್ಟು ಬಿಗಿ ಎಂದು ನೋಡುವವರು ಎಲ್ಲೋ ಒಬ್ಬರು. ಸಣ್ಣ ನೂಲಿನಲ್ಲಿ ಹಗುರ ಬಟ್ಟೆ ನೇಯುವುದು ಎಷ್ಟು ಕಷ್ಟ ಎಂದು ಮಗ್ಗದ ಗುಂಡಿಯಲ್ಲಿ ಕೂತವನಿಗೆ ಗೊತ್ತು, ಕೊಳ್ಳುವವನಿಗೆ ತೂಕವೇ ಬೆಲೆ. ಫೈಬರ್ ಕಾರನ್ನೂ 'ಪ್ಲಾಸ್ಟಿಕ್' ಎಂದು ಕರೆದು ಬದಿಗಿಟ್ಟರು. ಅಮೆರಿಕದವನು ಹಗುರ ಮಾಡಿದ ಕಾರಿಗೆ ಮೂರು ಪಟ್ಟು ದುಡ್ಡು ಕೇಳಿದರೂ ಕೊಡುವ ಗಿರಾಕಿ ಇದ್ದ, ಬೆಂಗಳೂರಿನವನಿಗೆ ಅಂಥ ಗಿರಾಕಿ ಸಿಕ್ಕಿದ್ದು ಟ್ರ್ಯಾಕಿನಲ್ಲಿ ಮಾತ್ರ. ಅಲ್ಲಿ ಕೈಯಲ್ಲಿ ಗಡಿಯಾರ ಹಿಡಿದವರು ಇರುತ್ತಾರಲ್ಲ, ಅದಕ್ಕೆ.

ಸಿಪಾನಿಯವರು ಸುಮ್ಮನೆ ಕೂರಲಿಲ್ಲ. 1987ರ ಸುಮಾರಿಗೆ ಮನೆಮಂದಿಗೆ ಹೊಂದುವಂತೆ ಹೆಚ್ಚು ಬಾಗಿಲುಗಳ ಮೊಂಟಾನಾ ಎಂಬ ಕಾರು ತಂದರು, ಮುಂದೆ ಡೀಸೆಲ್ ಎಂಜಿನನ್ನೂ ಹಾಕಿದರು, ಇಂಗ್ಲೆಂಡಿನ ರೋವರ್ ಕಂಪನಿಯ ಮೊಂಟೆಗೋ ಕಾರನ್ನೂ ಜೋಡಿಸಿ ನೋಡಿದರು. ಒಂದೂ ಕೈಹಿಡಿಯಲಿಲ್ಲ. 1990ರ ದಶಕ ಮುಗಿಯುವ ಮುನ್ನವೇ ಕಾರಿನ ಕೆಲಸ ನಿಂತಿತು. ಶೋಳಾವರದ ಕಾಲವೂ ಮುಗಿದಿತ್ತು. 1990ರಲ್ಲಿ ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟೈಯಲ್ಲಿ ರೇಸಿಗೆಂದೇ ಟ್ರ್ಯಾಕು ಬಂತು.

ಆದರೆ ಹಗುರದ ಬುದ್ಧಿ ಸಾಯಲಿಲ್ಲ. ಕೊಯಮತ್ತೂರಿನ ಕರಿವರ್ಧನ್ 1988ರಲ್ಲಿ ಮಾರುತಿ 800ರ ಎಂಜಿನನ್ನೇ ತೆಗೆದುಕೊಂಡು, ಒಬ್ಬನೇ ಕೂರುವ ಹಗುರ ರೇಸು ಕಾರು ಕಟ್ಟಿದರು. ಹೆಸರು ಫಾರ್ಮುಲಾ ಮಾರುತಿ. ಡಾಲ್ಫಿನ್ನನ್ನು ರಸ್ತೆಯಿಂದ ಓಡಿಸಿದ ಎಂಜಿನ್ನೇ ಟ್ರ್ಯಾಕಿನಲ್ಲಿ ಅದರ ಜಾಗಕ್ಕೆ ಬಂದು ಕೂತಿತು. ಮುಂದೆ, 2005ರಲ್ಲಿ, ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ರೇಸು ಕಲಿತದ್ದು ಈ ಫಾರ್ಮುಲಾ ಮಾರುತಿಯಲ್ಲೇ. ಅದನ್ನು ನೋಡಲು ಕರಿವರ್ಧನ್ ಇರಲಿಲ್ಲ, 1995ರಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಕೊಯಮತ್ತೂರಿನ ಟ್ರ್ಯಾಕಿಗೆ ಅವರದೇ ಹೆಸರು.

ಡಾಲ್ಫಿನ್ನನ್ನು ನಾನು ಕಂಡದ್ದು ಒಂದೇ ಸಲ, ಕೆಲವು ವರ್ಷಗಳ ಹಿಂದೆ ಹೊಸೂರಿನ ಹತ್ತಿರ ಒಂದು ಗ್ಯಾರೇಜಿನ ಹಿತ್ತಲಿನಲ್ಲಿ. ಚಕ್ರ ಇರಲಿಲ್ಲ, ಕೆಳಗಿನ ಚಾಸಿ ತುಕ್ಕು ಹಿಡಿದು ಕೈಯಿಟ್ಟರೆ ಪುಡಿಯುದುರುತ್ತಿತ್ತು. ಮೇಲಿನ ಫೈಬರ್ ಮೈಗೆ ಮಾತ್ರ ಏನೂ ಆಗಿರಲಿಲ್ಲ. ಧೂಳು ಒರೆಸಿದರೆ ಕೆಳಗೆ ಹಳೆಯ ಕೆಂಪು ಬಣ್ಣ ಹಾಗೇ ಇತ್ತು. ಗ್ಯಾರೇಜಿನವರು ಅದನ್ನು ಕೋಳಿಗಳು ರಾತ್ರಿ ಮಲಗಲಿ ಅಂತ ಬಿಟ್ಟಿದ್ದರು.