ಶಾಂತಲಾ (ಹೆಸರು)

ಶಾಂತಲಾ: ಕರ್ನಾಟಕದಲ್ಲಿ ಬಳಕೆಯಲ್ಲಿರುವ ಹೆಣ್ಣುಮಕ್ಕಳ ಹೆಸರು. ಶಾಂತಲೆ, ಶಾಂತಲದೇವಿ ಎಂಬ ರೂಪಗಳೂ ಉಂಟು. ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟದರಸಿಯಿಂದ ಪ್ರಸಿದ್ಧವಾಯಿತು.

ಅರ್ಥ: ಮೂಲ ಸಂಸ್ಕೃತದ ‘ಶಾಂತ’, ಶಾಂತಸ್ವಭಾವದವಳು ಎಂದರ್ಥ. ‘ಲೆ’ ಅಥವಾ ‘ಲದೇವಿ’ ಎಂದು ಮುಗಿಯುವುದು ಆ ಕಾಲದ ರಾಣಿವಾಸದ ಹೆಸರುಗಳ ವಾಡಿಕೆ. ವಿಷ್ಣುವರ್ಧನನ ತಾಯಿ ಏಚಲದೇವಿ, ಮತ್ತೊಬ್ಬ ರಾಣಿ ಬಮ್ಮಲದೇವಿ. ಅದೇ ವಂಶದ ಇಮ್ಮಡಿ ಬಲ್ಲಾಳನ ರಾಣಿಯರಲ್ಲಿ ಪದ್ಮಲದೇವಿ, ಕೇತಲದೇವಿ ಇದ್ದರು. 1181ರಲ್ಲಿ ಶ್ರವಣಬೆಳಗೊಳದ ಅಕ್ಕನ ಬಸದಿಯನ್ನು ಕಟ್ಟಿಸಿದ ಮಂತ್ರಿಪತ್ನಿ ಆಚಲದೇವಿಗೆ ಆಚಿಯಕ್ಕ ಎಂಬ ಹೆಸರೂ ಇತ್ತು.

ಪೌರಾಣಿಕ ಹಿನ್ನೆಲೆ: ಇದೇ ಮೂಲದ ‘ಶಾಂತಾ’ ರಾಮಾಯಣ ಪರಂಪರೆಯಲ್ಲಿ ಅಂಗರಾಜ ರೋಮಪಾದನ ಮನೆಯಲ್ಲಿ ಬೆಳೆದ ಕನ್ಯೆ, ಋಷ್ಯಶೃಂಗನ ಪತ್ನಿ. ಬರಗಾಲದ ಅಂಗದೇಶಕ್ಕೆ ಋಷ್ಯಶೃಂಗ ಕಾಲಿಟ್ಟೊಡನೆ ಮಳೆ ಬಂತೆಂಬುದು ಕಥೆ. ಶೃಂಗೇರಿ ಸಮೀಪದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ಗುಡಿಯಿದ್ದು, ಮಳೆಗಾಗಿ ಇಂದಿಗೂ ಅಲ್ಲಿ ಪೂಜೆ ಸಲ್ಲುತ್ತದೆ. ಜೈನರಲ್ಲಿ ಹದಿನಾರನೆಯ ತೀರ್ಥಂಕರ ಶಾಂತಿನಾಥನ ಹೆಸರಿಗೂ ಇದೇ ಮೂಲ.

ಇತಿಹಾಸ: ರಾಣಿ ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಮಗಳು ಎರಡೂ ಕಡೆಗೆ ಸಲ್ಲುವಂತೆ ನಡೆದುಕೊಂಡಳು. ಬೇಲೂರಿನ ಚೆನ್ನಕೇಶವ ದೇವಾಲಯದ ಆವರಣದಲ್ಲಿರುವ ಕಪ್ಪೆ ಚೆನ್ನಿಗರಾಯನ ಗುಡಿ ಅವಳು ಕಟ್ಟಿಸಿದ್ದು. 1123ರಲ್ಲಿ ಶ್ರವಣಬೆಳಗೊಳದಲ್ಲಿ ಶಾಂತಿನಾಥನಿಗೆ ಅವಳು ಮಾಡಿಸಿದ ಬಸದಿಗೆ ಅವಳ ಬಿರುದೇ ಹೆಸರಾಗಿ, ಸವತಿಗಂಧವಾರಣ ಬಸದಿ ಎನಿಸಿತು: ಸವತಿಯರ ಪಾಲಿಗೆ ಮದ್ದಾನೆ ಎಂಬ ಈ ಬಿರುದಿಗೂ ‘ಶಾಂತ’ಕ್ಕೂ ಬಹು ದೂರ. ಹಳೇಬೀಡಿನ ಜೋಡಿ ಗುಡಿಯಲ್ಲಿ ಒಂದು ಲಿಂಗ ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ. ರಾಣಿಯ ಹೆಸರು ದೇವರಿಗೇ ಸಂದಿದೆ. 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡಳು.

ಬಳಕೆ: ಹೊಯ್ಸಳರ ಸೀಮೆಯ ಅರಸೀಕೆರೆಯ ಹೆಸರಿನಲ್ಲಿ ಅರಸಿಯ ಪದವಿ ಮಾತ್ರ ಉಳಿದಿದೆ. ಏಚಲೆ, ಬಮ್ಮಲೆ, ಕೇತಲೆಗಳು ಶಾಸನದಾಚೆ ಬಳಕೆ ತಪ್ಪಿವೆ. ಶಾಂತಲೆಗೆ ಗುಡಿಗಳ ಜೊತೆಗೆ ಕಾದಂಬರಿಗಳ ಆಸರೆಯೂ ದೊರೆಯಿತು: ಕೆ.ವಿ. ಅಯ್ಯರ್ ಅವರ ‘ಶಾಂತಲಾ’, ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’. ಎರಡನೆಯದಕ್ಕೆ 1983ರ ಮೂರ್ತಿದೇವಿ ಪ್ರಶಸ್ತಿ ಬಂತು. ಶಾಸನದ ‘ಶಾಂತಲದೇವಿ’ ಇಂದು ಶಾಲೆಯ ಹಾಜರಿ ಪುಸ್ತಕದಲ್ಲಿ ‘ಶಾಂತಲಾ’ ಆಗಿದೆ.